ಡಿಜಿಟಲ್ ಮಿಕ್ಸರಿನಲ್ಲಿ ಸಿಗ್ನಲ್ ಕವಲೊಡೆಯಬೇಕಾದದ್ದು ಎಲ್ಲಿ?

ಪ್ರಶ್ನೆ: ನನ್ನ ಬಳಿ 32 ಚಾನೆಲ್‌ಗಳ ಡಿಜಿಟಲ್ ಮಿಕ್ಸರ್ ಇದೆ. ಯುಎಸ್‌ಬಿ ಮೂಲಕ ಅದರಿಂದ ಕಂಪ್ಯೂಟರಿಗೆ 32 ಟ್ರ್ಯಾಕ್ ಕಳಿಸಬಹುದು, ಅಷ್ಟನ್ನೇ ಅಲ್ಲಿಂದ ಮರಳಿ ಪಡೆಯಬಹುದು. ಮೈಕ್ ಮತ್ತು ಲೈನ್ ಸೇರಿ 14 ಇನ್‌ಪುಟ್‌ಗಳಲ್ಲಿ ನಮ್ಮ ತಂಡದ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದೇನೆ. ನನಗೆ ಮೂರು ತೊಂದರೆಗಳಿವೆ. ನಾನು ಸರಿಸಿದ ಫೇಡರ್‌ಗಳೂ (ಮಟ್ಟ ಏರಿಳಿಸುವ ಜಾರುಗುಂಡಿಗಳು) ಹಾಕಿದ ಈಕ್ಯೂ (ಸ್ವರಾಂಶಗಳ ಹೊಂದಾಣಿಕೆ) ಕೂಡ ಟ್ರ್ಯಾಕ್‌ಗಳಲ್ಲಿ ಅಚ್ಚಾಗಿ ಕೂತುಬಿಡುತ್ತವೆ. ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮ ದನಿ ಎರಡೆರಡಾಗಿ, ಟೊಳ್ಳಾಗಿ ಕೇಳುತ್ತದೆ. ರೆಕಾರ್ಡ್ ಆದದ್ದನ್ನು ಅದೇ ಮಿಕ್ಸರಿನಲ್ಲಿ ಮಿಕ್ಸ್ ಮಾಡೋಣವೆಂದು ಚಾನೆಲ್‌ಗಳನ್ನು ಯುಎಸ್‌ಬಿಗೆ ತಿರುಗಿಸಿದ ಕೂಡಲೇ ಕಿವಿ ಸೀಳುವಂತೆ ಕೂಗು ಎದ್ದಿತು. ಎಲ್ಲಿ ತಪ್ಪುತ್ತಿದ್ದೇನೆ? ಮಿಕ್ಸ್ ಮುಗಿದ ಮೇಲೆ ಅದನ್ನು ಸ್ಟೀರಿಯೋ ಕಡತವಾಗಿ ಮತ್ತೆ ಕಂಪ್ಯೂಟರಿಗೆ ಒಯ್ಯುವುದು ಹೇಗೆ?

ಉತ್ತರ: ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ, ನಿಮ್ಮ ಮಿಕ್ಸರಿನಿಂದ ಕಂಪ್ಯೂಟರಿಗೆ ಹೋಗುವ ಸಿಗ್ನಲ್ ಚಾನೆಲ್‌ನ ತುದಿಯಲ್ಲಿ, ಅಂದರೆ ಫೇಡರನ್ನು ದಾಟಿದ ಮೇಲೆ, ಕವಲೊಡೆಯುತ್ತಿದೆ, ಕಂಪ್ಯೂಟರಿನಿಂದ ಮರಳಿ ಬರುವುದು ಅದೇ ಚಾನೆಲ್‌ನ ಬುಡಕ್ಕೆ ಬಂದು ಸೇರುತ್ತಿದೆ. ಕಾಲುವೆಯ ಕೊನೆಯಲ್ಲಿ ತೂಬು ತೆಗೆದು, ಆ ನೀರನ್ನು ಮತ್ತೆ ಕಾಲುವೆಯ ತಲೆಗೇ ತಂದು ಬಿಟ್ಟ ಹಾಗೆ. ತೂಬಿನ ಜಾಗವನ್ನು ಮೇಲಕ್ಕೆ ಸರಿಸಿ, ಮರಳಿ ಬರುವ ಸಿಗ್ನಲ್‌ಗೆ ಬೇರೆ ಕಾಲುವೆಯನ್ನೇ ಕೊಟ್ಟರೆ ಮೊದಲ ಮತ್ತು ಮೂರನೆಯ ತೊಂದರೆಗಳು ಅಲ್ಲಿಗೇ ಮುಗಿಯುತ್ತವೆ. ಎರಡನೆಯದಕ್ಕೆ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಒಂದು ಗುಂಡಿಯನ್ನೂ ಆಫ್ ಮಾಡಬೇಕಾಗುತ್ತದೆ.

ಅನಲಾಗ್ ಮಿಕ್ಸರಿನಲ್ಲಿ ಐದನೆಯ ಸಾಕೆಟ್ಟಿಗೆ ಚುಚ್ಚಿದ ಮೈಕ್ ಐದನೆಯ ಚಾನೆಲ್‌ಗೇ ಬರುತ್ತಿತ್ತು, ಏಕೆಂದರೆ ಅವೆರಡನ್ನೂ ಒಳಗೆ ತಂತಿಯಿಂದ ಬೆಸೆದಿರುತ್ತಿದ್ದರು. ಡಿಜಿಟಲ್ ಮಿಕ್ಸರಿನಲ್ಲಿ ಆ ಬೆಸುಗೆ ಇಲ್ಲ. ಅದರ ಬದಲು ಮೂರು ಪಟ್ಟಿಗಳಿವೆ. ಯಾವ ಸಾಕೆಟ್ ಅಥವಾ ಯಾವ ಯುಎಸ್‌ಬಿ ದಾರಿ ಯಾವ ಚಾನೆಲ್‌ಗೆ ಬರಬೇಕು ಎಂಬುದು ಮೊದಲನೆಯ ಪಟ್ಟಿ. ಯಾವ ಚಾನೆಲ್ ಯಾವ ಬಸ್ಸಿಗೆ (ಹಲವು ಚಾನೆಲ್‌ಗಳು ಬೆರೆಯುವ ಒಳದಾರಿಗೆ) ಎಷ್ಟು ಪ್ರಮಾಣದಲ್ಲಿ ಹೋಗಬೇಕು ಎಂಬುದು ಎರಡನೆಯದು. ಯಾವ ಔಟ್‌ಪುಟ್ ಸಾಕೆಟ್ಟಿಗೆ, ಯಾವ ಯುಎಸ್‌ಬಿ ದಾರಿಗೆ ಏನು ಹೋಗಬೇಕು ಎಂಬುದು ಮೂರನೆಯದು. ಮಿಕ್ಸರಿನ ಪರದೆ ಈ ಮೂರನ್ನೂ ಬೇರೆ ಬೇರೆ ಪುಟಗಳಲ್ಲಿ ತೋರಿಸುವುದರಿಂದ ಒಂದರಲ್ಲಿ ಮಾಡಿದ ಬದಲಾವಣೆ ಇನ್ನೊಂದರ ಮೇಲೆ ಬೀರುವ ಪರಿಣಾಮ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಮಿಕ್ಸರನ್ನು ಮುಟ್ಟುವ ಮೊದಲು ಮೂರನ್ನೂ ಒಂದೇ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಮುಂದಿನ ವಿವರಣೆಯಲ್ಲಿ ಮಿಕ್ಸರಿನಿಂದ ಕಂಪ್ಯೂಟರಿಗೆ ಹೋಗುವುದನ್ನು ಯುಎಸ್‌ಬಿ ಸೆಂಡ್ ಎಂದೂ ಕಂಪ್ಯೂಟರಿನಿಂದ ಬರುವುದನ್ನು ಯುಎಸ್‌ಬಿ ರಿಟರ್ನ್ ಎಂದೂ ಕರೆಯುತ್ತೇನೆ. ಕೆಲವು ಮಿಕ್ಸರ್‌ಗಳಲ್ಲಿ ಇವಕ್ಕೆ ಕಾರ್ಡ್ ಔಟ್, ಕಾರ್ಡ್ ಇನ್ ಎಂಬ ಹೆಸರಿರುತ್ತದೆ.

ಈಗ ತೂಬಿನ ವಿಚಾರ. ಮೈಕಿನ ಸಿಗ್ನಲ್ ಮೊದಲು ಅದನ್ನು ವರ್ಧಿಸುವ ಪ್ರೀಆಂಪನ್ನು, ಆಮೇಲೆ ಅದನ್ನು ಅಂಕಿಗಳಾಗಿಸುವ ಪರಿವರ್ತಕವನ್ನು ದಾಟುತ್ತದೆ. ಅನಂತರ ಲೋ ಕಟ್, ಗೇಟ್, ಈಕ್ಯೂ, ಕಂಪ್ರೆಸರ್ (ಜೋರು ಮತ್ತು ಮೆಲು ಸದ್ದುಗಳ ಅಂತರ ತಗ್ಗಿಸುವುದು), ಇನ್ಸರ್ಟ್, ಮ್ಯೂಟ್, ಫೇಡರ್, ಪ್ಯಾನ್ ಬರುತ್ತವೆ. ಇವುಗಳ ಅನುಕ್ರಮ ಮಿಕ್ಸರಿನಿಂದ ಮಿಕ್ಸರಿಗೆ ತುಸು ಬದಲಾಗುತ್ತದೆ. ಯುಎಸ್‌ಬಿ ಸೆಂಡನ್ನು ಈ ಸಾಲಿನ ಯಾವ ಬಿಂದುವಿನಿಂದ ತೆಗೆಯಬೇಕು ಎಂದು ಕೇಳಿದರೆ, ಮಲ್ಟಿಟ್ರ್ಯಾಕ್ ರೆಕಾರ್ಡಿಂಗಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಪರಿವರ್ತಕ ಮುಗಿದ ಕೂಡಲೇ, ಉಳಿದ ಯಾವುದೂ ಶುರುವಾಗುವ ಮೊದಲೇ. ಆಗ ನೀವು ಫೇಡರನ್ನು ಇಳಿಸಿದರೂ ಮ್ಯೂಟ್ ಒತ್ತಿದರೂ ಈಕ್ಯೂ ತಿರುಗಿಸಿದರೂ ಟ್ರ್ಯಾಕಿಗೆ ಏನೂ ಆಗುವುದಿಲ್ಲ. ಆ ಕ್ಷಣದಲ್ಲಿ ಕೇಳಲು ಬೇಕಾದ ಹಾಗೆ ಮಿಕ್ಸರನ್ನು ಸರಿಪಡಿಸಿಕೊಳ್ಳುವ ಪೂರ್ಣ ಸ್ವಾತಂತ್ರ್ಯ ನಿಮ್ಮ ಕೈಯಲ್ಲಿರುತ್ತದೆ. ನಾನು ಒಮ್ಮೆ ನೇರ ಕಾರ್ಯಕ್ರಮವೊಂದನ್ನು ಫೇಡರ್ ನಂತರದ ಬಿಂದುವಿನಿಂದ ರೆಕಾರ್ಡ್ ಮಾಡಿದ್ದೆ. ಹಾಡುಗಳ ನಡುವೆ ಸದ್ದು ಬೇಡವೆಂದು ಗಾಯಕಿಯ ಫೇಡರನ್ನು ಇಳಿಸಿದ್ದೆವು. ಅವರು ಮುಂದಿನ ಹಾಡನ್ನು ವಾದ್ಯಗಳಿಗೆ ಕಾಯದೆ ಎತ್ತಿಕೊಂಡರು. ಫೇಡರ್ ಮೇಲೇರುವಷ್ಟರಲ್ಲಿ ಮೊದಲ ಸಾಲು ಹೋಗಿತ್ತು, ಮತ್ತೆ ಸಿಗುವ ಬಗೆಯೇ ಇರಲಿಲ್ಲ. ಅಂದಿನಿಂದ ಈ ಬಿಂದುವನ್ನು ಪರೀಕ್ಷಿಸದೆ ನಾನು ಯಾವ ರೆಕಾರ್ಡಿಂಗನ್ನೂ ಆರಂಭಿಸಿಲ್ಲ.

ಪರೀಕ್ಷೆ ಸುಲಭ. ಪರದೆಯ ಮೇಲಿನ ಹೆಸರುಗಳನ್ನು ನಂಬಬೇಡಿ, ಏಕೆಂದರೆ ಪ್ರೀ ಫೇಡರ್ (ಫೇಡರಿಗೆ ಮೊದಲಿನದು) ಎಂದು ಒಬ್ಬ ತಯಾರಕರು ಕರೆಯುವ ಬಿಂದು ಮ್ಯೂಟ್ ಗುಂಡಿಗೆ ಒಳಪಟ್ಟಿರಬಹುದು, ಇನ್ನೊಬ್ಬರದು ಒಳಪಡದೆ ಇರಬಹುದು. ಒಬ್ಬರನ್ನು ಮೈಕಿನ ಮುಂದೆ ಒಂದೇ ಮಟ್ಟದಲ್ಲಿ ಮಾತಾಡಲು ಹೇಳಿ, ಕಂಪ್ಯೂಟರಿನಲ್ಲಿ ಆ ಟ್ರ್ಯಾಕಿನ ಮೀಟರನ್ನು ನೋಡುತ್ತಾ ಮಿಕ್ಸರಿನಲ್ಲಿ ಮೊದಲು ಫೇಡರನ್ನು ಪೂರ್ತಿ ಇಳಿಸಿ, ಆಮೇಲೆ ಮ್ಯೂಟ್ ಒತ್ತಿ, ಕೊನೆಗೆ ಈಕ್ಯೂನಲ್ಲಿ ಒಂದು ಬ್ಯಾಂಡನ್ನು ಪೂರ್ತಿ ಏರಿಸಿ. ಮೂರು ಸಲವೂ ಮೀಟರ್ ಕದಲದಿದ್ದರೆ ತೂಬು ಸರಿಯಾದ ಜಾಗದಲ್ಲಿದೆ. ಎಲ್ಲಿ ಕದಲಿತೋ ಅದರ ಆಚೆಗೆ ತೂಬು ಇದೆ.

ಹಾಗೆ ಮಾಡಿದ ಮೇಲೂ ಟ್ರ್ಯಾಕಿನಲ್ಲಿ ಅಚ್ಚಾಗುವ ಒಂದು ಸಂಗತಿ ಉಳಿಯುತ್ತದೆ, ಅದು ಗೇನ್, ಅಂದರೆ ಪ್ರೀಆಂಪ್ ವರ್ಧಿಸುವ ಪ್ರಮಾಣ. ಪ್ರೀಆಂಪ್ ತೂಬಿಗಿಂತ ಮೇಲೇ ಇರುವುದರಿಂದ ಹಾಡಿನ ನಡುವೆ ಗೇನ್ ಮುಟ್ಟಿದರೆ ಟ್ರ್ಯಾಕಿನಲ್ಲಿ ಮೆಟ್ಟಿಲು ಬೀಳುತ್ತದೆ. ಅತಿ ಜೋರಾದ ಭಾಗವನ್ನು ಮೊದಲೇ ಹಾಡಿಸಿ, ನುಡಿಸಿ, ಶಿಖರಗಳು ಡಿಜಿಟಲ್ ಗರಿಷ್ಠಕ್ಕಿಂತ ಸುಮಾರು 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಇಟ್ಟುಕೊಳ್ಳಿ. ಮೀಟರ್ ಅರ್ಧಕ್ಕೇ ನಿಂತಿದೆಯಲ್ಲ ಎಂದು ಅಳುಕಬೇಕಾಗಿಲ್ಲ: 24 ಬಿಟ್‌ನಲ್ಲಿ ಪ್ರತಿ ಬಿಟ್ಟಿಗೆ ಸುಮಾರು 6 ಡೆಸಿಬೆಲ್‌ನಂತೆ ತತ್ತ್ವತಃ 144 ಡೆಸಿಬೆಲ್ ಹರವು ಸಿಗುತ್ತದೆ, ಮೈಕ್ ಮತ್ತು ಕೋಣೆಯ ಸದ್ದೇ ಅದಕ್ಕಿಂತ ಬಹಳ ಮೇಲಿರುತ್ತದೆ. ಕಡಿಮೆ ಮಟ್ಟದಲ್ಲಿ ದಾಖಲಾದದ್ದನ್ನು ಏರಿಸಿಕೊಳ್ಳಬಹುದು, ಗರಿಷ್ಠವನ್ನು ಮುಟ್ಟಿ ತಲೆ ಕತ್ತರಿಸಿಹೋದ ಅಲೆಯನ್ನು ಮೊದಲಿನಂತೆ ಮಾಡಲಾಗದು. ಒಂದೇ ಸಾಕೆಟ್ಟನ್ನು ಎರಡು ಚಾನೆಲ್‌ಗಳಿಗೆ ಪ್ಯಾಚ್ ಮಾಡಬಹುದು, ಆದರೆ ಪ್ರೀಆಂಪ್ ಒಂದೇ ಆಗಿರುವುದರಿಂದ ಗೇನ್ ಮತ್ತು 48 ವೋಲ್ಟ್ ಫ್ಯಾಂಟಮ್ (ಕೆಲವು ಮೈಕ್‌ಗಳಿಗೆ ಬೇಕಾದ ವಿದ್ಯುತ್) ಎರಡಕ್ಕೂ ಸಮಾನ ಎಂಬುದನ್ನು ಮರೆಯಬೇಡಿ. ಪ್ರತ್ಯೇಕ ಮಟ್ಟ ಬೇಕಾದರೆ ಚಾನೆಲ್‌ನ ಡಿಜಿಟಲ್ ಟ್ರಿಮ್ ಬಳಸಬೇಕು.

ಕಂಪ್ರೆಸರ್ ಹಾಕಿಕೊಂಡೇ ನುಡಿಸುವುದು ಬೇಸ್ ಗಿಟಾರಿನವರ ಶೈಲಿಯ ಭಾಗವಾಗಿದ್ದರೆ ಆ ಸದ್ದೂ ಬೇಕಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಬೇಕು, ಆದರೆ ಶುದ್ಧ ಟ್ರ್ಯಾಕಿನ ಬದಲಿಗೆ ಅಲ್ಲ, ಅದರ ಜೊತೆಗೆ. ನಿಮ್ಮ 32 ಸೆಂಡ್‌ಗಳಲ್ಲಿ 14 ಮಾತ್ರ ಬಳಕೆಯಲ್ಲಿವೆ. ಮಿಕ್ಕವುಗಳಲ್ಲಿ ಒಂದನ್ನು ಆ ಚಾನೆಲ್‌ನ ಕಂಪ್ರೆಸರ್ ನಂತರದ ಡೈರೆಕ್ಟ್ ಔಟ್‌ಗೆ (ಆ ಒಂದು ಚಾನೆಲ್ ಮಾತ್ರ ಹೊರಡುವ ದಾರಿಗೆ) ಕೊಡಿ.

ಇನ್ನು ಆ ಕೂಗು. ಅದು ಎದ್ದ ಬಗೆಯನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಸ್ಪೀಕರಿಗೂ ಕಿವಿಗೂ ನಿಜವಾದ ಅಪಾಯ. ನಿಮ್ಮ ಮೊದಲನೆಯ ಚಾನೆಲ್ ಫೇಡರ್ ನಂತರದ ಬಿಂದುವಿನಿಂದ ಒಂದನೆಯ ಸೆಂಡ್‌ಗೆ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಮೊದಲ ಟ್ರ್ಯಾಕ್ ಇನ್ನೂ ರೆಕಾರ್ಡಿಂಗಿಗೆ ಸಿದ್ಧವಾಗಿತ್ತು, ಅದರ ಇನ್‌ಪುಟ್ ಮಾನಿಟರಿಂಗ್ (ಒಳಬಂದದ್ದನ್ನು ಆಗಲೇ ಹೊರಗೆ ಕೇಳಿಸುವ ಸೌಲಭ್ಯ) ಕೂಡ ಚಾಲೂ ಇತ್ತು. ಹಾಗಾಗಿ ಒಳಬಂದದ್ದೆಲ್ಲ ಒಂದನೆಯ ರಿಟರ್ನ್ ಮೂಲಕ ಹೊರಟಿತು. ನೀವು ಚಾನೆಲ್‌ನ ಮೂಲವನ್ನು ರಿಟರ್ನ್‌ಗೆ ತಿರುಗಿಸಿದ ಕ್ಷಣ ಸುತ್ತು ಪೂರ್ತಿಯಾಯಿತು. ಒಂದು ಸುತ್ತಿಗೆ 10 ಮಿಲಿಸೆಕೆಂಡ್ ಹಿಡಿಯುತ್ತದೆ, ಪ್ರತಿ ಸುತ್ತಿನಲ್ಲೂ ಮಟ್ಟ ಒಂದೇ ಒಂದು ಡೆಸಿಬೆಲ್ ಏರುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ನೂರು ಸುತ್ತು, ನೂರು ಡೆಸಿಬೆಲ್. ಕೈ ಫೇಡರಿಗೆ ಹೋಗುವುದರೊಳಗೆ ಅದು ಗರಿಷ್ಠವನ್ನು ಮುಟ್ಟಿರುತ್ತದೆ. ಆದ್ದರಿಂದ ರೌಟಿಂಗ್ (ಆ ಮೂರು ಪಟ್ಟಿಗಳ ಜೋಡಣೆ) ಬದಲಿಸುವ ಮೊದಲು ಸ್ಪೀಕರಿನ ಮಟ್ಟವನ್ನು ಪೂರ್ತಿ ಇಳಿಸಿ, ಹೆಡ್‌ಫೋನನ್ನು ಕಿವಿಯಿಂದ ತೆಗೆಯಿರಿ. ಹಾಡುವವರ ಹೆಡ್‌ಫೋನನ್ನೂ ಸಹ.

ಸೆಂಡ್ ಪ್ರೀಆಂಪಿನಿಂದಲೇ ಹೊರಟರೆ ರಿಟರ್ನ್‌ನಲ್ಲಿ ಬಂದದ್ದು ಮತ್ತೆ ಸೆಂಡನ್ನು ತಲುಪಲು ದಾರಿಯೇ ಇರುವುದಿಲ್ಲ. ಸುತ್ತು ಬುಡದಲ್ಲೇ ಕಡಿಯುತ್ತದೆ. ಅದರ ಮೇಲೆ ನಿಮಗೆ ಇನ್ನೊಂದು ಅನುಕೂಲವಿದೆ. 14 ಇನ್‌ಪುಟ್‌ಗಳಿಗೆ 32 ಚಾನೆಲ್‌ಗಳಿರುವುದರಿಂದ ರೆಕಾರ್ಡಿಂಗಿಗೂ ಮಿಕ್ಸಿಂಗಿಗೂ ಒಂದೇ ಚಾನೆಲ್‌ಗಳನ್ನು ಹಿಂದುಮುಂದು ತಿರುಗಿಸುತ್ತಾ ಇರಬೇಕಾಗಿಲ್ಲ. 1ರಿಂದ 14ರವರೆಗಿನ ಚಾನೆಲ್‌ಗಳನ್ನು ಸಾಕೆಟ್‌ಗಳಿಗೇ ಮೀಸಲಿಡಿ. 17ರಿಂದ 30ರವರೆಗಿನವನ್ನು 1ರಿಂದ 14ರವರೆಗಿನ ರಿಟರ್ನ್‌ಗಳಿಗೆ ಕೊಡಿ. ಮೈಕ್ ಸಂಖ್ಯೆಗೆ 16 ಸೇರಿಸಿದರೆ ಅದರ ರೆಕಾರ್ಡಿಂಗ್ ಇರುವ ಚಾನೆಲ್ ಸಿಗುತ್ತದೆ. 31 ಮತ್ತು 32ನ್ನು 15 ಮತ್ತು 16ನೆಯ ರಿಟರ್ನ್‌ಗಳಿಗೆ ಕೊಟ್ಟು ಖಾಲಿ ಇಡಿ. ಮುಗಿದ ಸ್ಟೀರಿಯೋ ಕೇಳಲು ಅವು ಬೇಕಾಗುತ್ತವೆ.

ಬೆಹ್ರಿಂಗರ್ ಎಕ್ಸ್32ನಂಥ ಮಿಕ್ಸರ್‌ಗಳಲ್ಲಿ ರೌಟಿಂಗ್ ಮೂಲತಃ ಎಂಟೆಂಟರ ಗುಂಪುಗಳಲ್ಲಿ ನಡೆಯುತ್ತದೆ. ಮೇಲಿನ ಜೋಡಣೆಯನ್ನು ಅದಕ್ಕೆ ಹೊಂದುವಂತೆಯೇ ಆರಿಸಿದ್ದೇನೆ: 17ರಿಂದ 24ಕ್ಕೆ ಕಾರ್ಡಿನ ಮೊದಲ ಎಂಟು, 25ರಿಂದ 32ಕ್ಕೆ ಎರಡನೆಯ ಎಂಟು. ಸೆಂಡ್‌ಗಳಲ್ಲಿ ಮೊದಲ ಎರಡು ಗುಂಪುಗಳಿಗೆ ಲೋಕಲ್ ಸಾಕೆಟ್‌ಗಳನ್ನು ನೇರವಾಗಿ ಕೊಟ್ಟರೆ ತೂಬು ತಾನಾಗಿಯೇ ಪ್ರೀಆಂಪ್ ಮತ್ತು ಪರಿವರ್ತಕ ಮುಗಿದ ಕೂಡಲೇ ಬಂದು ನಿಲ್ಲುತ್ತದೆ. ಇನ್‌ಪುಟ್‌ಗಳು 16ನ್ನು ದಾಟಿ, ಚಾನೆಲ್‌ಗಳನ್ನು ಹಂಚಲಾಗದ ಪರಿಸ್ಥಿತಿ ಮುಂದೆ ಬಂದರೆ ಮಾತ್ರ ಎಲ್ಲ ಚಾನೆಲ್‌ಗಳ ಮೂಲವನ್ನು ಒಟ್ಟಿಗೆ ಬದಲಿಸುವ ರೆಕಾರ್ಡ್ ಮತ್ತು ಪ್ಲೇ ಸ್ವಿಚ್ಚನ್ನು ಅವಲಂಬಿಸಿ. ಆಗ ಪ್ಲೇ ಕಡೆಗೆ ತಿರುಗಿಸುವ ಮೊದಲು ಎಲ್ಲ ಟ್ರ್ಯಾಕ್‌ಗಳ ರೆಕಾರ್ಡ್ ಸಿದ್ಧತೆಯನ್ನು ತೆಗೆಯಿರಿ. ಇಲ್ಲವಾದರೆ ಸುತ್ತು ಕೂಗದಿದ್ದರೂ ಕೋಣೆಯ ಮಾತುಕತೆ ನಿಮ್ಮ ಹಾಡಿನ ಮೇಲೆ ರೆಕಾರ್ಡ್ ಆಗಬಹುದು.

ಹೆಡ್‌ಫೋನಿನ ಎರಡು ದನಿಗಳಿಗೆ ಬರುತ್ತೇನೆ. ಗಾಯಕರ ದನಿ ಮಿಕ್ಸರಿನೊಳಗಿಂದ ನೇರವಾಗಿ ಒಮ್ಮೆ ಬರುತ್ತದೆ. ಅದೇ ದನಿ ಕಂಪ್ಯೂಟರಿಗೆ ಹೋಗಿ, ಇನ್‌ಪುಟ್ ಮಾನಿಟರಿಂಗ್ ಮೂಲಕ ಮರಳಿ, ತಡವಾಗಿ ಇನ್ನೊಮ್ಮೆ ಬರುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ದರದಲ್ಲಿ 128 ಸ್ಯಾಂಪಲ್‌ಗಳ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಸಿಟ್ಟು ಸಾಗಿಸುವ ಕಂತು) ಎಂದರೆ ಹೋಗುವಾಗ 2.7 ಮಿಲಿಸೆಕೆಂಡ್, ಬರುವಾಗ ಮತ್ತೆ ಅಷ್ಟೇ. ಪರಿವರ್ತಕ ಮತ್ತು ಡ್ರೈವರ್ ಸೇರಿಸುವ ತಡ ಬೇರೆ. ಕೇವಲ 5 ಮಿಲಿಸೆಕೆಂಡ್ ತಡವಾದ ಪ್ರತಿ ಮೂಲದ ಜೊತೆ ಸಮ ಮಟ್ಟದಲ್ಲಿ ಬೆರೆತರೆ 100, 300, 500 ಹರ್ಟ್ಸ್ ಹೀಗೆ 200 ಹರ್ಟ್ಸ್‌ಗೊಂದರಂತೆ ಸಾಲು ಸಾಲಾಗಿ ಸ್ವರಾಂಶಗಳು ಅಳಿದುಹೋಗುತ್ತವೆ. ನಿಮ್ಮ ಗಾಯಕರು ಟೊಳ್ಳು ಎಂದದ್ದು ಇದನ್ನೇ. ಬಫರ್ 512 ಅಥವಾ 1024 ಆದರೆ ಟೊಳ್ಳು ಹೋಗಿ ಪ್ರತಿಧ್ವನಿಯಂತೆ ಎರಡನೆಯ ದನಿ ಬಿಡಿಯಾಗಿಯೇ ಕೇಳತೊಡಗುತ್ತದೆ. ಬಫರನ್ನು ತಗ್ಗಿಸುತ್ತಾ ಹೋಗುವುದು ಇದಕ್ಕೆ ಮದ್ದಲ್ಲ. ಎರಡರಲ್ಲಿ ಒಂದು ದಾರಿಯನ್ನು ಮುಚ್ಚಬೇಕು, ಮತ್ತು ಮುಚ್ಚಬೇಕಾದದ್ದು ಕಂಪ್ಯೂಟರಿನ ದಾರಿ. ತಂತ್ರಾಂಶದಲ್ಲಿ ಎಲ್ಲ ಟ್ರ್ಯಾಕ್‌ಗಳ ಇನ್‌ಪುಟ್ ಮಾನಿಟರಿಂಗನ್ನು ಆಫ್ ಮಾಡಿಬಿಡಿ. ಹೆಡ್‌ಫೋನಿಗೆ ಒಂದು ಪ್ರೀ ಫೇಡರ್ ಬಸ್ ಕೊಟ್ಟು, ಹಾಡುತ್ತಿರುವ ಮೈಕನ್ನು 1ರಿಂದ 14ರ ಚಾನೆಲ್‌ನಿಂದಲೂ, ಹಿಂದೆ ರೆಕಾರ್ಡ್ ಮಾಡಿದ ವಾದ್ಯಗಳನ್ನು 17ರಿಂದ 30ರ ಚಾನೆಲ್‌ಗಳಿಂದಲೂ ಆ ಬಸ್ಸಿಗೆ ಕಳಿಸಿ. ಹಾಡುವವರಿಗೆ ರಿವರ್ಬ್ ಬೇಕೆನಿಸಿದರೆ ಧಾರಾಳವಾಗಿ ಹಾಕಿ. ತೂಬು ಮೇಲಿರುವುದರಿಂದ ಅದು ಟ್ರ್ಯಾಕಿಗೆ ಬರುವುದಿಲ್ಲ.

ಹಳೆಯ ಟ್ರ್ಯಾಕ್ ಕೇಳುತ್ತಾ ಹೊಸದನ್ನು ಹಾಡಿಸುವಾಗ ತಂತ್ರಾಂಶ ತಡವನ್ನು ಲೆಕ್ಕ ಹಾಕಿ ಹೊಸ ಟ್ರ್ಯಾಕನ್ನು ಹಿಂದಕ್ಕೆ ಸರಿಸುತ್ತದೆ, ಆದರೆ ಡ್ರೈವರ್ ಹೇಳುವ ಲೆಕ್ಕ ಯಾವಾಗಲೂ ಕರಾರುವಾಕ್ಕಾಗಿ ಇರುವುದಿಲ್ಲ. ಮಿಕ್ಸರಿನ ಒಂದು ಔಟ್‌ಪುಟ್ಟಿನಿಂದ ಒಂದು ಇನ್‌ಪುಟ್ಟಿಗೆ ಕೇಬಲ್ ಹಾಕಿ, ಸ್ಪೀಕರ್ ಇಳಿಸಿಕೊಂಡು, ಒಂದು ಕ್ಲಿಕ್ಕನ್ನು ನುಡಿಸಿ ರೆಕಾರ್ಡ್ ಮಾಡಿ. ಎರಡರ ಅಂತರವನ್ನು ಸ್ಯಾಂಪಲ್‌ಗಳಲ್ಲಿ ಎಣಿಸಿ ತಂತ್ರಾಂಶದ ಹೊಂದಾಣಿಕೆಯಲ್ಲಿ ತುಂಬಿ. ಒಮ್ಮೆ ಮಾಡಿದರೆ ಬಫರ್ ಅಥವಾ ಡ್ರೈವರ್ ಬದಲಿಸುವ ತನಕ ಸಾಕು.

ಮಿಕ್ಸಿಂಗಿಗೆ ಕೂತಾಗ ಬಹಳಷ್ಟು ಜನ ಎಡವುವ ಜಾಗ ಮಿಕ್ಸರಿನಲ್ಲಿಲ್ಲ, ತಂತ್ರಾಂಶದಲ್ಲಿದೆ. ಪ್ರತಿ ಟ್ರ್ಯಾಕನ್ನು ಅದರದೇ ಔಟ್‌ಪುಟ್ಟಿಗೆ ಕೊಟ್ಟಿರುತ್ತಾರೆ, ಆದರೆ ಮಾಸ್ಟರಿಗೆ ಹೋಗುವ ದಾರಿಯನ್ನು ಮುಚ್ಚಿರುವುದಿಲ್ಲ. ಮಾಸ್ಟರ್ ಸಾಮಾನ್ಯವಾಗಿ 1 ಮತ್ತು 2ನೆಯ ಔಟ್‌ಪುಟ್ಟುಗಳಿಗೆ ಹೋಗುವುದರಿಂದ ನಿಮ್ಮ 17 ಮತ್ತು 18ನೆಯ ಚಾನೆಲ್‌ಗಳಲ್ಲಿ ಅಲ್ಲಿರಬೇಕಾದ ಡ್ರಮ್‌ಗಳ (ಕಿಕ್ ಮತ್ತು ಸ್ನೇರ್ ಎಂದಿಟ್ಟುಕೊಳ್ಳಿ) ಜೊತೆಗೆ ಇಡೀ ಹಾಡು ತುಂಬಿಕೊಳ್ಳುತ್ತದೆ. ಕಿಕ್‌ಗೆ ಹಾಕಿದ ಈಕ್ಯೂ ಗಾಯಕಿಯ ದನಿಯನ್ನೂ ಬದಲಿಸಿತೇಕೆ ಎಂದು ತಲೆಕೆಡಿಸಿಕೊಳ್ಳಬೇಕಾಗುತ್ತದೆ. ಪ್ರತಿ ಟ್ರ್ಯಾಕಿನ ಮಾಸ್ಟರ್ ಸೆಂಡನ್ನು ಆಫ್ ಮಾಡಿ, ತಂತ್ರಾಂಶದ ಫೇಡರ್‌ಗಳನ್ನು ಸೊನ್ನೆ ಡೆಸಿಬೆಲ್‌ನಲ್ಲಿ ಬಿಟ್ಟು, 17ನೆಯ ಚಾನೆಲ್ ಒಂದನ್ನೇ ಸೋಲೋ ಮಾಡಿ ಕೇಳಿ. ಅಲ್ಲಿ ಕಿಕ್ ಮಾತ್ರ ಇರಬೇಕು.

ರಿವರ್ಬ್, ಡಿಲೇಗಳ ಬಸ್ಸಿಗೆ ಪೋಸ್ಟ್ ಫೇಡರ್ ಸೆಂಡ್ ಬಳಸಿ, ಹಾಗಿದ್ದರೆ ಮಾತ್ರ ವಾದ್ಯ ತಗ್ಗಿದಾಗ ಅದರ ರಿವರ್ಬ್ ಕೂಡ ತಗ್ಗುತ್ತದೆ. ಡ್ರಮ್‌ಗಳನ್ನು ಒಂದು ಗ್ರೂಪಿಗೆ ಸೇರಿಸಿದರೆ ಆ ಚಾನೆಲ್‌ಗಳನ್ನು ಮುಖ್ಯ ಎಲ್‌ಆರ್ (ಎಡ-ಬಲ ಸ್ಟೀರಿಯೋ) ಬಸ್ಸಿನಿಂದ ತೆಗೆಯಬೇಕು, ಇಲ್ಲವಾದರೆ ಅದೇ ಸದ್ದು ಎರಡು ದಾರಿಗಳಲ್ಲಿ ಎಲ್‌ಆರ್ ಸೇರುತ್ತದೆ. ಕಂಪ್ರೆಸ್ ಆದ ಪ್ರತಿಯನ್ನು ಮೂಲದ ಜೊತೆ ಬೆರೆಸಲು ಬೇಕೆಂದೇ ಎರಡು ದಾರಿ ಇಡುವ ಪ್ಯಾರಲಲ್ ಕಂಪ್ರೆಷನ್ ಮಾಡುವುದಾದರೆ, ಗ್ರೂಪಿನ ದಾರಿ ನೇರ ದಾರಿಗಿಂತ ಕೆಲವು ಸ್ಯಾಂಪಲ್ ತಡವಾಗುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಕೆಲವು ಮಿಕ್ಸರ್‌ಗಳು ಇದನ್ನು ಸರಿದೂಗಿಸುತ್ತವೆ, ಕೆಲವು ಸರಿದೂಗಿಸುವುದಿಲ್ಲ. ಒಂದೇ ರಿಟರ್ನನ್ನು ಎರಡು ಚಾನೆಲ್‌ಗಳಿಗೆ ಪ್ಯಾಚ್ ಮಾಡಿ, ಒಂದನ್ನು ನೇರವಾಗಿ, ಇನ್ನೊಂದನ್ನು ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗಾಗಿಸಿ) ಗ್ರೂಪಿನ ಮೂಲಕ, ಸಮ ಮಟ್ಟದಲ್ಲಿ ಎಲ್‌ಆರ್‌ಗೆ ಕಳಿಸಿ. ಪೂರ್ತಿ ನಿಶ್ಶಬ್ದವಾದರೆ ತಡವಿಲ್ಲ. ತೆಳ್ಳನೆಯ ತಾರ ಸದ್ದು ಉಳಿದರೆ ತಡವಿದೆ, ಆಗ ನೇರ ಚಾನೆಲ್‌ಗಳನ್ನೂ ಇನ್ನೊಂದು ಖಾಲಿ ಗ್ರೂಪಿನ ಮೂಲಕವೇ ಕಳಿಸಿ ಸಮ ಮಾಡಿಕೊಳ್ಳಿ.

ಮುಗಿದ ಮಿಕ್ಸನ್ನು ಕಂಪ್ಯೂಟರಿಗೆ ಒಯ್ಯಲು ಎಲ್‌ಆರ್ ಬಸ್ಸನ್ನು 31 ಮತ್ತು 32ನೆಯ ಸೆಂಡ್‌ಗಳಿಗೆ ಕೊಟ್ಟು ಒಂದು ಸ್ಟೀರಿಯೋ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿ. ಎಂಟೆಂಟರ ಗುಂಪಿನ ಮಿಕ್ಸರಿನಲ್ಲಿ ಎಲ್‌ಆರ್ ಅನ್ನು 15 ಮತ್ತು 16ನೆಯ ಔಟ್‌ಪುಟ್ಟುಗಳಿಗೆ ಕೊಟ್ಟು, 9ರಿಂದ 16ರ ಔಟ್‌ಪುಟ್ ಗುಂಪನ್ನು 25ರಿಂದ 32ರ ಸೆಂಡ್‌ಗಳಿಗೆ ಜೋಡಿಸಿದರೆ ಅದು ಸರಿಯಾಗಿ 31, 32ಕ್ಕೇ ಬಂದು ಕೂರುತ್ತದೆ. ಇಡೀ ಜೋಡಣೆಯಲ್ಲಿ ರಿಟರ್ನ್‌ನ ಸಿಗ್ನಲ್ ಸೆಂಡನ್ನು ಸೇರುವ ಜಾಗ ಇದೊಂದೇ, ಹಾಗಾಗಿ ಎಚ್ಚರವೂ ಇಲ್ಲಿಯೇ ಬೇಕು. ಈ ಟ್ರ್ಯಾಕಿನ ಇನ್‌ಪುಟ್ ಮಾನಿಟರಿಂಗ್ ಎಂದೂ ಚಾಲೂ ಇರಬಾರದು. ಅದರ ಔಟ್‌ಪುಟ್ 15 ಮತ್ತು 16ಕ್ಕೆ ಹೋಗಲಿ, ಅದನ್ನು ಪಡೆಯುವ 31 ಮತ್ತು 32ನೆಯ ಚಾನೆಲ್‌ಗಳು ಎಲ್‌ಆರ್‌ಗೆ ಸೇರದಿರಲಿ. ಸೋಲೋ ಒತ್ತಿ ಕೇಳಿದರೆ ಸಾಕು. ತೂಬಿನ ಜಾಗವನ್ನೂ ಇಲ್ಲಿ ತಿರುವಿಹಾಕಬೇಕು: ಎಲ್‌ಆರ್‌ನ ಈಕ್ಯೂ, ಕಂಪ್ರೆಸರ್, ಫೇಡರ್ ಎಲ್ಲ ಈಗ ಮಿಕ್ಸಿನ ಭಾಗವಾದ್ದರಿಂದ ಅವೆಲ್ಲ ಮುಗಿದ ಮೇಲಿನ ಬಿಂದುವೇ ಬೇಕು. ನಿಮ್ಮ ಸ್ಪೀಕರ್ ಅಥವಾ ಕೋಣೆಯನ್ನು ಸರಿಪಡಿಸಲು ಹಾಕಿದ ಈಕ್ಯೂ ಎಲ್‌ಆರ್ ಮೇಲೆ ಕೂತಿದ್ದರೆ ಅದೂ ಹಾಡಿನೊಳಗೆ ಅಚ್ಚಾಗುತ್ತದೆ, ಬೇರೆಲ್ಲಿ ಕೇಳಿದರೂ ಹಾಡು ಸೊಟ್ಟಗಿರುತ್ತದೆ. ಆ ಈಕ್ಯೂವನ್ನು ಸ್ಪೀಕರಿಗೆ ಹೋಗುವ ಮ್ಯಾಟ್ರಿಕ್ಸ್‌ಗೆ (ಎಲ್‌ಆರ್ ನಂತರ ಬರುವ ಪ್ರತ್ಯೇಕ ಔಟ್‌ಪುಟ್ ದಾರಿಗೆ) ಸ್ಥಳಾಂತರಿಸಿ.

ಕ್ಲಾಕ್, ಅಂದರೆ ಸ್ಯಾಂಪಲ್‌ಗಳ ತಾಳ ಹಿಡಿಯುವ ಗಡಿಯಾರದ ವಿಷಯ ಚಿಕ್ಕದು. ಮಿಕ್ಸರ್ ಒಂದೇ ಕ್ಲಾಕ್ ಮೂಲವಾಗಿರಲಿ, ಸ್ಟೇಜ್ ಬಾಕ್ಸ್ (ವೇದಿಕೆಯ ಮೇಲಿಡುವ ಸಾಕೆಟ್ ಪೆಟ್ಟಿಗೆ) ಇದ್ದರೆ ಅದು ಮಿಕ್ಸರನ್ನು ಅನುಸರಿಸಲಿ, ತಂತ್ರಾಂಶದಲ್ಲೂ ಅದೇ ದರ ಇರಲಿ. ಕಾರಣವಿಲ್ಲದೆ ಚಟಪಟ ಸದ್ದು ಕೇಳಿದರೆ ಮೊದಲು ನೋಡಬೇಕಾದದ್ದು ಇದನ್ನು. ಡಿಸ್ಕಿನ ಲೆಕ್ಕವೂ ಸರಳ: 24 ಬಿಟ್, 48,000 ದರದಲ್ಲಿ ಒಂದು ಟ್ರ್ಯಾಕಿಗೆ ಸೆಕೆಂಡಿಗೆ 1,44,000 ಬೈಟ್, 14 ಟ್ರ್ಯಾಕಿಗೆ ಗಂಟೆಗೆ ಸುಮಾರು 7.3 ಗಿಗಾಬೈಟ್.

ಸೀನ್‌ಗಳ (ಉಳಿಸಿಟ್ಟ ಮಿಕ್ಸರ್ ಜೋಡಣೆಗಳ) ಬಗ್ಗೆ ಒಂದು ಎಚ್ಚರಿಕೆ ಮಾತ್ರ. ಹಲವು ಮಿಕ್ಸರ್‌ಗಳಲ್ಲಿ ಸೀನ್ ಜೊತೆಗೆ ರೌಟಿಂಗ್ ಮತ್ತು ಗೇನ್ ಕೂಡ ಉಳಿದಿರುತ್ತವೆ. ರೆಕಾರ್ಡಿಂಗ್ ನಡುವೆ ಹಳೆಯ ಸೀನ್ ಕರೆದರೆ ಸೆಂಡ್‌ಗಳೆಲ್ಲ ಸದ್ದಿಲ್ಲದೆ ಬೇರೆಡೆಗೆ ತಿರುಗಿಬಿಡಬಹುದು. ರೌಟಿಂಗ್ ಮತ್ತು ಪ್ರೀಆಂಪ್ ಎರಡನ್ನೂ ಸೀನ್ ಬದಲಾದರೂ ಕದಲದ ಸೇಫ್ ಪಟ್ಟಿಗೆ ಸೇರಿಸಿ.

ತಂಡದವರು ಬರುವ ಮೊದಲು ಒಬ್ಬರೇ ಕೂತು ಒಂದು ಸುತ್ತು ಪರೀಕ್ಷೆ ಮಾಡಿ. ಪ್ರತಿ ಮೈಕನ್ನು ಬೆರಳಿನಿಂದ ಮೆಲ್ಲಗೆ ಕೆರೆಯಿರಿ, ಅದೇ ಸಂಖ್ಯೆಯ ಟ್ರ್ಯಾಕ್ ಮಾತ್ರ ಕದಲುತ್ತದೆಯೇ ನೋಡಿ. ಒಂದು ನಿಮಿಷ ರೆಕಾರ್ಡ್ ಮಾಡಿ, 1ರಿಂದ 14ರವರೆಗಿನ ಚಾನೆಲ್‌ಗಳನ್ನು ಮ್ಯೂಟ್ ಮಾಡಿ, 17ರಿಂದ ಒಂದೊಂದಾಗಿ ಸೋಲೋ ಒತ್ತಿ ಕೇಳಿ. ಆ ಒಂದು ನಿಮಿಷವನ್ನೇ ಸ್ಟೀರಿಯೋ ಆಗಿ ರೆಕಾರ್ಡ್ ಮಾಡಿ, 31 ಮತ್ತು 32ರಲ್ಲಿ ಕೇಳಿ. ಮೂರೂ ಸರಿಯಿದ್ದರೆ ಸೀನನ್ನು ಹೊಸ ಹೆಸರಿನಲ್ಲಿ ಮಿಕ್ಸರಿನಲ್ಲೂ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೂ ಉಳಿಸಿ, ಹಾಳೆಯ ಮೇಲೆ ಬರೆದ ಮೂರು ಪಟ್ಟಿಗಳನ್ನು ಮಿಕ್ಸರಿನ ಪಕ್ಕದಲ್ಲೇ ಅಂಟಿಸಿಡಿ.